ಗಾಳಿಪಟ ಹಿಡಿದ ತಂದೆ ಮತ್ತು ಮಗ

ನಮ್ಮ ಶಾಲೆಯ ವಿಜ್ಞಾನ ಕೊಠಡಿಯ ಗೋಡೆಯ ಮೇಲೆ ಒಂದು ಹಳೆಯ ಚಿತ್ರಪಟವಿತ್ತು. ಕಪ್ಪು ಮೋಡ, ಮಿಂಚು, ಅದರ ಕೆಳಗೆ ಗಾಳಿಪಟ ಹಾರಿಸುತ್ತಿರುವ ಒಬ್ಬ ವಯಸ್ಸಾದ ಮನುಷ್ಯ, ದಾರಕ್ಕೆ ಕಟ್ಟಿದ ಬೀಗದ ಕೈ. ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗ. ಬೀಗದ ಕೈ ಮುಟ್ಟಿದರೆ ಶಾಕ್ ಹೊಡೆಯುತ್ತದೋ ಇಲ್ಲವೋ ಎಂಬುದರ ಬಗ್ಗೆ ನಾವು ಜಗಳವಾಡಿದ್ದೇವೆಯೇ ಹೊರತು ಆ ಹುಡುಗ ಯಾರು ಎಂದು ಒಬ್ಬರೂ ಮೇಷ್ಟ್ರನ್ನು ಕೇಳಲಿಲ್ಲ. 2004ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟ ನಮ್ಮ ತಂಡದವರಿಗೆ ಆ ಪಟ ನೆನಪಿರಬಹುದು.

ಆಮೇಲೆ ಬಿ.ಇ. ಮಾಡಿ, ಕೆಲಸಕ್ಕೆ ಸೇರಿ, ಕಂಪನಿಯ ಕೆಲಸದ ಮೇಲೆ ಎರಡು ವರ್ಷ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಡಿಸನ್ ಎಂಬ ಊರಿನಲ್ಲಿದ್ದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಪರ್ತ್ ಅಂಬಾಯ್ ಎಂಬ ಬಂದರು ಪಟ್ಟಣವಿದೆ. ಒಂದು ಭಾನುವಾರ ಸುಮ್ಮನೆ ಕಾರು ಓಡಿಸಿಕೊಂಡು ಹೋದಾಗ ಅಲ್ಲಿ ಒಂದು ದೊಡ್ಡ ಹಳೆಯ ಇಟ್ಟಿಗೆ ಕಟ್ಟಡ ನೋಡಿದೆ. ಬ್ರಿಟಿಷ್ ದೊರೆಯ ಗವರ್ನರ್ ವಾಸಿಸುತ್ತಿದ್ದ ಮನೆ ಅದು. 1776ರ ಜೂನ್ ತಿಂಗಳಲ್ಲಿ ಅಲ್ಲಿಂದಲೇ ಆ ಗವರ್ನರನನ್ನು ಸೆರೆಹಿಡಿದು ಒಯ್ದರಂತೆ. ಹೆಸರು ವಿಲಿಯಂ ಫ್ರಾಂಕ್ಲಿನ್. ನಮ್ಮ ಚಿತ್ರಪಟದ ಹುಡುಗ ಅವನೇ. ಪಟ ಬರೆದವನು ತಪ್ಪು ಬರೆದಿದ್ದ. 1752ರಲ್ಲಿ ಗಾಳಿಪಟ ಹಾರಿಸಿದಾಗ ಅವನಿಗೆ ಇಪ್ಪತ್ತು ದಾಟಿತ್ತು. ಅವನ ಅಪ್ಪ ಬೆಂಜಮಿನ್ ಫ್ರಾಂಕ್ಲಿನ್, ಮಗ ಸೆರೆಯಾದ ಹೊತ್ತಿನಲ್ಲಿ ಅರವತ್ತು ಎಪ್ಪತ್ತು ಮೈಲಿಯಾಚೆ ಫಿಲಡೆಲ್ಫಿಯಾದಲ್ಲಿದ್ದ. ಸ್ವಾತಂತ್ರ್ಯದ ಘೋಷಣೆ ಬರೆಯಲು ನೇಮಿಸಿದ ಐವರ ಸಮಿತಿಯಲ್ಲಿ ಅವನೂ ಒಬ್ಬ.

ನಮಗೆ ಫ್ರಾಂಕ್ಲಿನ್ ವಿಜ್ಞಾನದ ಪುಸ್ತಕದಲ್ಲಿ ಬಂದ, ಅಮೆರಿಕದ ಸ್ವಾತಂತ್ರ್ಯ ಸಮಾಜದ ಪುಸ್ತಕದಲ್ಲಿ ಬಂತು. ಎರಡೂ ಪಾಠ ಒಂದನ್ನೊಂದು ಭೇಟಿಯಾಗಲೇ ಇಲ್ಲ. ಸಮಿತಿಯವರು ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೇಳಿದಾಗ ಕಂಪ್ಯೂಟರ್ ಬಗ್ಗೆ ಬರೆಯುವ ಬದಲು ಈ ಬಾಕಿ ತೀರಿಸೋಣ ಅನ್ನಿಸಿತು.

ಬೆಂಜಮಿನ್ ಹುಟ್ಟಿದ್ದು 1706ರ ಜನವರಿ 17ರಂದು ಬಾಸ್ಟನ್ ನಗರದಲ್ಲಿ. ತಂದೆ ಮೇಣದ ಬತ್ತಿ, ಸಾಬೂನು ಮಾಡಿ ಮಾರುತ್ತಿದ್ದ. ಆತನ ಹದಿನೇಳು ಮಕ್ಕಳಲ್ಲಿ ಬೆಂಜಮಿನ್ ಹದಿನೈದನೆಯವನು. ಶಾಲೆಯ ಮುಖ ಕಂಡಿದ್ದು ಎರಡೇ ವರ್ಷ. ಹನ್ನೆರಡನೇ ವಯಸ್ಸಿಗೆ ಅಣ್ಣನ ಮುದ್ರಣಾಲಯದಲ್ಲಿ ಜೀತದಂಥ ಕರಾರಿನ ಮೇಲೆ ಕೆಲಸಕ್ಕೆ ಬಿದ್ದ. ಅಣ್ಣ ಹೊಡೆಯುತ್ತಿದ್ದ. ಹದಿನೇಳಕ್ಕೆ ಮನೆ ಬಿಟ್ಟು ಓಡಿ ಫಿಲಡೆಲ್ಫಿಯಾ ಸೇರಿದ. ಅಲ್ಲಿ ಅಚ್ಚುಮೊಳೆ ಜೋಡಿಸುತ್ತಲೇ ಬೆಳೆದ, ಸ್ವಂತ ಪ್ರೆಸ್ ಹಾಕಿದ, ಪತ್ರಿಕೆ ಕೊಂಡ. 1732ರಿಂದ ವರ್ಷವರ್ಷವೂ ಒಂದು ಪಂಚಾಂಗ ಪ್ರಕಟಿಸಿದ. ನಮ್ಮ ಮನೆಗಳಲ್ಲಿ ಮೊಳೆಗೆ ನೇತುಹಾಕುವ ಒಂಟಿಕೊಪ್ಪಲ್ ಪಂಚಾಂಗದ ಹಾಗೆ ಅಲ್ಲಿನ ರೈತರ ಮನೆಗಳಲ್ಲಿ ಅದಿರುತ್ತಿತ್ತು. ಗೆಳೆಯರನ್ನು ಸೇರಿಸಿ ಚಂದಾ ಎತ್ತಿ ಗ್ರಂಥಾಲಯ ಕಟ್ಟಿದ, ಬೆಂಕಿ ಆರಿಸುವ ಸಂಘ ಕಟ್ಟಿದ. ನಲವತ್ತೆರಡನೇ ವಯಸ್ಸಿಗೆ ಸಾಕಷ್ಟು ಹಣ ಮಾಡಿ ವ್ಯಾಪಾರವನ್ನು ಪಾಲುದಾರನಿಗೆ ಬಿಟ್ಟು ವಿದ್ಯುತ್ತಿನ ಪ್ರಯೋಗಕ್ಕೆ ಕೂತ. ಮಿಂಚುವಾಹಕ ಬಂದದ್ದು ಹಾಗೆ. ಇಷ್ಟನ್ನು ನಿಮ್ಮಲ್ಲಿ ಅನೇಕರು ಓದಿರುತ್ತೀರಿ.

ಓದದೇ ಇರಬಹುದಾದ ಸಂಗತಿ ಅವನ ಅಂಚೆಯ ಕೆಲಸ. 1753ರಲ್ಲಿ ಬ್ರಿಟಿಷ್ ಸರ್ಕಾರ ಅಮೆರಿಕದ ವಸಾಹತುಗಳ ಅಂಚೆಯ ಮೇಲ್ವಿಚಾರಣೆಯನ್ನು ಅವನಿಗೂ ಇನ್ನೊಬ್ಬನಿಗೂ ಜಂಟಿಯಾಗಿ ವಹಿಸಿತು. ಫ್ರಾಂಕ್ಲಿನ್ ಸ್ವತಃ ಊರೂರು ತಿರುಗಿ ಅಂಚೆ ಕಚೇರಿಗಳ ಲೆಕ್ಕ ನೋಡಿದ, ರಸ್ತೆಗಳ ದೂರ ಅಳೆಯಿಸಿದ, ಫಿಲಡೆಲ್ಫಿಯಾ ನ್ಯೂಯಾರ್ಕ್ ನಡುವೆ ಕುದುರೆ ಸವಾರರು ರಾತ್ರಿಯೂ ಓಡುವಂತೆ ಮಾಡಿದ. ನಷ್ಟದಲ್ಲಿದ್ದ ಇಲಾಖೆ ಲಾಭಕ್ಕೆ ಬಂತು. ಆಗ ಅಲ್ಲಿದ್ದ ವಸಾಹತುಗಳು ಹದಿಮೂರು. ಒಂದಕ್ಕೊಂದು ಆಗಿಬರುತ್ತಿರಲಿಲ್ಲ, ಪ್ರತಿಯೊಂದೂ ಲಂಡನ್ನಿನ ಕಡೆ ಮುಖ ಮಾಡಿಕೊಂಡು ಕೂತಿತ್ತು. ಅವನ್ನು ಒಂದಕ್ಕೊಂದು ಮೊದಲು ಹೊಲಿದದ್ದು ಭಾಷಣಗಳಲ್ಲ, ಈ ಅಂಚೆಯ ದಾರ ಎಂಬುದು ನನ್ನ ಅನಿಸಿಕೆ. 1754ರಲ್ಲಿ ಎಲ್ಲ ವಸಾಹತುಗಳೂ ಒಂದು ಕೂಟವಾಗಬೇಕೆಂದು ಆಲ್ಬನಿ ಸಭೆಯಲ್ಲಿ ಅವನು ಯೋಜನೆ ಇಟ್ಟ. ವಸಾಹತುಗಳೂ ಒಪ್ಪಲಿಲ್ಲ, ಲಂಡನ್ನೂ ಒಪ್ಪಲಿಲ್ಲ.

ಆದರೆ ಅವನಿಗೆ ಸ್ವಾತಂತ್ರ್ಯದ ಕನಸಿತ್ತು ಎಂದುಕೊಂಡರೆ ತಪ್ಪು. ಅವನು ಅಪ್ಪಟ ಸಾಮ್ರಾಜ್ಯಭಕ್ತ. ಬ್ರಿಟನ್ನಿನ ದೊರೆತನ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಬೆಳೆಯುತ್ತದೆ, ಅಮೆರಿಕದವರು ಅದರಲ್ಲಿ ಸರಿಸಮಾನ ಪಾಲುದಾರರಾಗುತ್ತಾರೆ ಎಂದು ನಂಬಿದ್ದ. 1757ರಲ್ಲಿ ಪೆನ್ಸಿಲ್ವೇನಿಯಾದ ವಿಧಾನಸಭೆ ತನ್ನ ಪ್ರತಿನಿಧಿಯಾಗಿ ಅವನನ್ನು ಲಂಡನ್ನಿಗೆ ಕಳಿಸಿತು. ಹೆಂಡತಿ ಡೆಬೊರಾಗೆ ಸಮುದ್ರವೆಂದರೆ ಭಯ, ಅವಳು ಬರಲಿಲ್ಲ. ಮಗ ವಿಲಿಯಂ ಜೊತೆಗೆ ಹೋದ. ವಿಲಿಯಂ ಡೆಬೊರಾಳ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಮದುವೆಯಾಚೆ ಹುಟ್ಟಿದವನು. ಆದರೂ ಫ್ರಾಂಕ್ಲಿನ್ ಅವನನ್ನು ಮನೆಯಲ್ಲೇ ಸಾಕಿ, ಎಲ್ಲ ಕಡೆ ಜೊತೆಗೊಯ್ದು, ಲಂಡನ್ನಿನಲ್ಲಿ ಕಾನೂನು ಓದಿಸಿದ. ಡೆಬೊರಾಗೆ ಹುಟ್ಟಿದ ಫ್ರಾನ್ಸಿಸ್ ಎಂಬ ಮಗು ನಾಲ್ಕನೇ ವಯಸ್ಸಿಗೆ ಸಿಡುಬಿನಲ್ಲಿ ಹೋಗಿತ್ತು. ಉಳಿದ ಗಂಡುಮಗ ಇವನೊಬ್ಬನೇ. 1762ರಲ್ಲಿ ದೊರೆ ಮೂರನೇ ಜಾರ್ಜ್ ವಿಲಿಯಂನನ್ನು ನ್ಯೂಜೆರ್ಸಿಯ ಗವರ್ನರ್ ಆಗಿ ನೇಮಿಸಿದ. ಮೇಣದ ಬತ್ತಿ ಮಾರುವವನ ಮೊಮ್ಮಗ ದೊರೆಯ ಪ್ರತಿನಿಧಿ! ಸಾಮ್ರಾಜ್ಯ ತನ್ನಂಥವರಿಗೂ ಬಾಗಿಲು ತೆರೆಯುತ್ತದೆ ಎಂಬುದಕ್ಕೆ ಫ್ರಾಂಕ್ಲಿನ್ನನಿಗೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಅಷ್ಟರಲ್ಲಿ ಸಾಮ್ರಾಜ್ಯಕ್ಕೆ ಸಾಲ ಹೆಚ್ಚಾಗಿತ್ತು. ಫ್ರಾನ್ಸಿನ ಜೊತೆ ಏಳು ವರ್ಷ ಯುದ್ಧ ಮಾಡಿ ಗೆದ್ದದ್ದೇನೋ ನಿಜ, ಬ್ರಿಟನ್ನಿನ ಸಾಲ 12 ಕೋಟಿ ಪೌಂಡ್ ದಾಟಿತ್ತು. ಅಮೆರಿಕದಲ್ಲಿ ಸೈನ್ಯ ಇಡುವ ಖರ್ಚಿನಲ್ಲಿ ಒಂದು ಭಾಗವನ್ನು ಅಮೆರಿಕದವರೇ ಕೊಡಲಿ ಎಂದು ಪಾರ್ಲಿಮೆಂಟು 1765ರಲ್ಲಿ ಸ್ಟಾಂಪ್ ಕಾಯ್ದೆ ತಂದಿತು. ನಮ್ಮಲ್ಲಿ ಜಮೀನು ನೋಂದಣಿಗೆ ಛಾಪಾ ಕಾಗದ ಕೊಳ್ಳುವುದಿಲ್ಲವೇ, ಹಾಗೆ. ಆದರೆ ಅಲ್ಲಿ ಕರಾರುಪತ್ರಕ್ಕೆ ಮಾತ್ರವಲ್ಲ, ದಿನಪತ್ರಿಕೆಗೂ ಪಂಚಾಂಗಕ್ಕೂ ಇಸ್ಪೀಟು ಎಲೆಗೂ ಮುದ್ರೆಯ ಹಣ. ಜನರಿಗೆ ಸಿಟ್ಟು ಬಂದದ್ದು ಹಣ ಹೆಚ್ಚೆಂದಲ್ಲ. ತಮ್ಮ ಒಬ್ಬ ಸದಸ್ಯನೂ ಇಲ್ಲದ ಪಾರ್ಲಿಮೆಂಟು ತಮ್ಮ ಜೇಬಿಗೆ ಕೈ ಹಾಕಿತಲ್ಲ ಎಂದು.

ಇಲ್ಲಿ ನಮ್ಮ ಬುದ್ಧಿವಂತ ಎಡವಿದ. ಕಾಯ್ದೆ ಬರಬಾರದೆಂದು ಮೊದಲು ವಾದಿಸಿದವನು, ಬಂದ ಮೇಲೆ ಇನ್ನೇನು ಮಾಡುವುದು ಎಂದು ತನ್ನ ಗೆಳೆಯನೊಬ್ಬನ ಹೆಸರನ್ನೇ ಸ್ಟಾಂಪು ಹಂಚುವ ಕೆಲಸಕ್ಕೆ ಶಿಫಾರಸು ಮಾಡಿದ. ಲಂಡನ್ನಿನಲ್ಲಿ ಕೂತವನಿಗೆ ಊರಿನ ನಾಡಿಮಿಡಿತ ಸಿಗಲಿಲ್ಲ. ಫಿಲಡೆಲ್ಫಿಯಾದಲ್ಲಿ ಜನ ಅವನ ಮನೆಗೇ ನುಗ್ಗಲು ಹೊರಟರು. ಡೆಬೊರಾ ಮಗಳನ್ನು ವಿಲಿಯಂನ ಬಳಿಗೆ ಕಳಿಸಿ, ತಾನು ಮನೆ ಬಿಟ್ಟು ಕದಲದೆ, ಬಂಧುಗಳನ್ನು ಕರೆಸಿಕೊಂಡು ಬಂದೂಕು ಇಟ್ಟುಕೊಂಡು ಒಂದು ರಾತ್ರಿ ಕಾದಳು. ಗುಂಪು ಹಿಂದಕ್ಕೆ ಹೋಯಿತು. ಈ ಹೆಂಗಸಿನ ಬಗ್ಗೆ ಯಾವ ಪಾಠದಲ್ಲೂ ಇಲ್ಲದಿರುವುದು ನನಗೆ ಬೇಸರ.

ತಪ್ಪು ತಿಳಿದ ಮೇಲೆ ಫ್ರಾಂಕ್ಲಿನ್ ತಿದ್ದಿಕೊಂಡ. 1766ರ ಫೆಬ್ರವರಿಯಲ್ಲಿ ಪಾರ್ಲಿಮೆಂಟಿನ ಮುಂದೆ ನಿಂತು 174 ಪ್ರಶ್ನೆಗಳಿಗೆ ಉತ್ತರ ಕೊಟ್ಟ. ಅಷ್ಟು ಶಾಂತವಾಗಿ, ಅಷ್ಟು ಲೆಕ್ಕಬದ್ಧವಾಗಿ ಹೇಳಿದನೆಂದರೆ ಮುಂದಿನ ತಿಂಗಳೇ ಕಾಯ್ದೆ ರದ್ದಾಯಿತು. ಬ್ರಿಟಿಷ್ ವ್ಯಾಪಾರಿಗಳ ಒತ್ತಡವೂ ಇತ್ತು ಅನ್ನಿ. ರದ್ದು ಮಾಡುತ್ತಲೇ ಪಾರ್ಲಿಮೆಂಟು ಇನ್ನೊಂದು ಕಾಯ್ದೆ ಮಾಡಿ, ಎಲ್ಲ ವಿಷಯದಲ್ಲೂ ನಿಮ್ಮನ್ನು ಕಟ್ಟಿಹಾಕುವ ಶಾಸನ ಮಾಡುವ ಅಧಿಕಾರ ನಮಗಿದೆ ಎಂದು ಬರೆದಿಟ್ಟುಕೊಂಡಿತು. ಮುಳ್ಳು ತೆಗೆದು ಮೊನೆಯನ್ನು ಒಳಗೇ ಬಿಟ್ಟ ಹಾಗೆ.

ನನ್ನ ಕಸುಬಿನವರಿಗೆ ಒಂದು ಮಾತು ಹೊಳೆಯುತ್ತದೆ. ಎರಡು ಕಂಪ್ಯೂಟರುಗಳ ನಡುವೆ ಸಂದೇಶ ತಲುಪುವುದು ತಡವಾದಷ್ಟೂ ಎರಡೂ ಕಡೆಯ ಲೆಕ್ಕ ಬೇರೆಬೇರೆಯಾಗುತ್ತದೆ. ಲಂಡನ್ನಿನಿಂದ ಅಮೆರಿಕಕ್ಕೆ ಹಡಗಿನಲ್ಲಿ ಕಾಗದ ಹೋಗಲು ಆರೆಂಟು ವಾರ, ಉತ್ತರ ಬರಲು ಮತ್ತೆ ಅಷ್ಟು. ಇವರು ಸಿಟ್ಟಿನಲ್ಲಿ ಬರೆದದ್ದು ಅವರಿಗೆ ಮುಟ್ಟುವಾಗ ಇವರ ಸಿಟ್ಟು ಇಳಿದಿರುತ್ತಿತ್ತು, ಅವರದು ಏರುತ್ತಿತ್ತು. ಈ ಅಂತರದ ಮಧ್ಯೆ ಕೂತು ಎರಡೂ ಕಡೆಯವರಿಗೆ ಇನ್ನೊಂದು ಕಡೆಯನ್ನು ವಿವರಿಸುವುದೇ ಹತ್ತು ವರ್ಷ ಫ್ರಾಂಕ್ಲಿನ್ನನ ಕೆಲಸವಾಯಿತು. ಇಂಗ್ಲೆಂಡಿನವರಿಗೆ ಅವನು ಅತಿಯಾಗಿ ಅಮೆರಿಕದವನು, ಅಮೆರಿಕದವರಿಗೆ ಅತಿಯಾಗಿ ಇಂಗ್ಲೆಂಡಿನವನು.

1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಾದ ಮೇಲೆ ಸುಂಕ ಬಂತು. ಅಮೆರಿಕದವರು ಬ್ರಿಟಿಷ್ ಸರಕು ಕೊಳ್ಳುವುದನ್ನೇ ನಿಲ್ಲಿಸಿದರು. ಬಾಸ್ಟನ್ನಿಗೆ ಸೈನ್ಯ ಬಂತು. 1770ರ ಮಾರ್ಚ್ 5ರಂದು ಗುಂಡು ಹಾರಿ ಐವರು ಸತ್ತರು. ಸುಂಕಗಳನ್ನು ತೆಗೆದರು, ಚಹಾದ್ದು ಮಾತ್ರ ಹಕ್ಕಿನ ಗುರುತಿಗೆಂದು ಉಳಿಸಿಕೊಂಡರು. ಅದೇ ಹೊತ್ತಿಗೆ ನಮ್ಮ ದೇಶದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿ ಮುಳುಗುವ ಸ್ಥಿತಿಗೆ ಬಂದಿತ್ತು. 1767ರಿಂದ 69ರವರೆಗೆ ಮೈಸೂರಿನ ಹೈದರಾಲಿಯೊಡನೆ ನಡೆಸಿ ಸೋತ ಯುದ್ಧ, 1770ರ ಬಂಗಾಳದ ಭೀಕರ ಕ್ಷಾಮ, ಇದರ ಮೇಲೆ ಲಂಡನ್ನಿನ ಗೋದಾಮಿನಲ್ಲಿ ಮಾರಾಟವಾಗದೆ ಕೊಳೆಯುತ್ತಿದ್ದ ಚಹಾ. ಕಂಪನಿಯನ್ನು ಬದುಕಿಸಲು 1773ರಲ್ಲಿ ಆ ಚಹಾವನ್ನು ಅಗ್ಗವಾಗಿ ಅಮೆರಿಕಕ್ಕೆ ಕಳಿಸಲು ಪಾರ್ಲಿಮೆಂಟು ಅನುಮತಿ ಕೊಟ್ಟಿತು, ಸುಂಕ ಬಿಡಲಿಲ್ಲ. ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರು ಪಾಲಾಯಿತು.

ಆ ಸುದ್ದಿ ಲಂಡನ್ನಿಗೆ ಮುಟ್ಟಿದಾಗ ಫ್ರಾಂಕ್ಲಿನ್ ಇನ್ನೊಂದು ಇಕ್ಕಟ್ಟಿನಲ್ಲಿದ್ದ. ಮ್ಯಾಸಚೂಸೆಟ್ಸಿನ ಗವರ್ನರ್ ಥಾಮಸ್ ಹಚಿನ್‌ಸನ್ ಹಿಂದೆ ಇಂಗ್ಲೆಂಡಿಗೆ ಬರೆದಿದ್ದ ಖಾಸಗಿ ಕಾಗದಗಳು ಅವನ ಕೈಗೆ ಹೇಗೋ ಸಿಕ್ಕಿದ್ದವು. ವಸಾಹತಿನವರ ಸ್ವಾತಂತ್ರ್ಯಗಳನ್ನು ಸ್ವಲ್ಪ ಮೊಟಕು ಮಾಡಬೇಕೆಂಬ ಅರ್ಥದ ಮಾತು ಅವುಗಳಲ್ಲಿತ್ತು. ತಪ್ಪು ಪಾರ್ಲಿಮೆಂಟಿನದಲ್ಲ, ತಪ್ಪು ವರದಿ ಕಳಿಸಿದ ನಿಮ್ಮವರದೇ ಎಂದು ತೋರಿಸಿದರೆ ಊರಿನವರ ಸಿಟ್ಟು ಲಂಡನ್ನಿನಿಂದ ತಿರುಗುತ್ತದೆ ಎಂದು ಲೆಕ್ಕ ಹಾಕಿ, ಅಚ್ಚು ಮಾಡಬಾರದೆಂಬ ಷರತ್ತಿನ ಮೇಲೆ ಬಾಸ್ಟನ್ನಿಗೆ ಕಳಿಸಿದ. ಅವರು ಅಚ್ಚು ಮಾಡಿದರು. ಕಾಗದ ಕದ್ದವರು ಯಾರು ಎಂದು ಲಂಡನ್ನಿನಲ್ಲಿ ಇಬ್ಬರು ದ್ವಂದ್ವಯುದ್ಧ ಮಾಡಿಕೊಂಡಾಗ, ಇನ್ನೊಬ್ಬರ ರಕ್ತ ಹರಿಯುವುದು ಬೇಡವೆಂದು, ಕಳಿಸಿದವನು ನಾನೇ ಎಂದು ಪತ್ರಿಕೆಯಲ್ಲಿ ಪ್ರಕಟಿಸಿದ. ಅಂಚೆಯ ಅಧಿಕಾರಿಯೇ ಇನ್ನೊಬ್ಬರ ಕಾಗದ ಸಾಗಿಸಿದ್ದು ಸರಿಯೇ? ಸರಿಯಲ್ಲ. ನಾನು ಅವನ ಅಭಿಮಾನಿಯಾದರೂ ಇದನ್ನು ಸಮರ್ಥಿಸಲಾರೆ.

1774ರ ಜನವರಿ 29. ಲಂಡನ್ನಿನ ಪ್ರಿವಿ ಕೌನ್ಸಿಲ್ ಸೇರುತ್ತಿದ್ದ ಕೋಣೆಗೆ ಕಾಕ್‌ಪಿಟ್ ಎಂದು ಹೆಸರು. ಹಿಂದಿನ ದೊರೆಗಳ ಕಾಲದಲ್ಲಿ ಅಲ್ಲಿ ಕೋಳಿ ಅಂಕ ನಡೆಯುತ್ತಿತ್ತು. ಹಚಿನ್‌ಸನ್‌ನನ್ನು ತೆಗೆಯಬೇಕೆಂಬ ಅರ್ಜಿಯ ವಿಚಾರಣೆ ಎಂದು ಕರೆದರು. ನಡೆದದ್ದು ಬೇರೆ. ಸರ್ಕಾರದ ವಕೀಲ ಅಲೆಕ್ಸಾಂಡರ್ ವೆಡರ್‌ಬರ್ನ್ ಸುಮಾರು ಒಂದು ಗಂಟೆ ಫ್ರಾಂಕ್ಲಿನ್ನನನ್ನು ಕಳ್ಳನೆಂದೂ ಕುತಂತ್ರಿಯೆಂದೂ ಹೀಯಾಳಿಸಿದ. ಮೂವತ್ತಕ್ಕೂ ಹೆಚ್ಚು ಮಂತ್ರಿ ಮಹಾಶಯರು ನಕ್ಕರು, ಮೇಜು ತಟ್ಟಿದರು. ಅರವತ್ತೆಂಟು ವರ್ಷದ ಮುದುಕ ವೆಲ್ವೆಟ್ ಕೋಟು ತೊಟ್ಟು ನಿಂತೇ ಇದ್ದ. ಮುಖದ ಒಂದು ಗೆರೆಯೂ ಅಲುಗಲಿಲ್ಲ, ಒಂದು ಮಾತೂ ಆಡಲಿಲ್ಲ. ಎರಡು ದಿನದಲ್ಲಿ ಅಂಚೆಯ ಹುದ್ದೆ ಹೋಯಿತು.

ಸಾಮ್ರಾಜ್ಯದ ಪರವಾಗಿ ಅಮೆರಿಕದಲ್ಲಿ ವಾದ ಮಾಡಬಲ್ಲ ಅತ್ಯಂತ ದೊಡ್ಡ ಮನುಷ್ಯನನ್ನು ಸಾಮ್ರಾಜ್ಯವೇ ಆ ಒಂದು ಗಂಟೆಯಲ್ಲಿ ಕಳೆದುಕೊಂಡಿತು. ಆದರೂ ಅವನು ತಕ್ಷಣ ಬಿಟ್ಟು ಹೋಗಲಿಲ್ಲ. ಇನ್ನೂ ಒಂದು ವರ್ಷ ಅಲ್ಲೇ ಉಳಿದ. ಅಡ್ಮಿರಲ್ ಹೋ ಎಂಬವನ ಅಕ್ಕನ ಮನೆಯಲ್ಲಿ ಚದುರಂಗ ಆಡುವ ನೆಪದಲ್ಲಿ ಗುಟ್ಟಾಗಿ ಸಂಧಾನದ ಮಾತು ನಡೆಸಿದ. ಬಾಸ್ಟನ್ನಿನ ಮೇಲಿನ ಶಿಕ್ಷೆಯ ಕಾಯ್ದೆಗಳನ್ನು ತೆಗೆದರೆ ನಾಶವಾದ ಚಹಾದ ಬೆಲೆಗೆ ತಾನೇ ಹೊಣೆಯಾಗುತ್ತೇನೆಂದ. ಅಷ್ಟು ಹಣ ಕೊಟ್ಟಿದ್ದರೆ ಅವನ ಆಸ್ತಿ ಕರಗುತ್ತಿತ್ತು. ಯಾವುದೂ ಆಗಲಿಲ್ಲ. ಅತ್ತ 1774ರ ಡಿಸೆಂಬರಿನಲ್ಲಿ ಡೆಬೊರಾ ತೀರಿಕೊಂಡಳು. ಗಂಡನ ಮುಖ ನೋಡಿ ಹತ್ತು ವರ್ಷವಾಗಿತ್ತು. ಹಿಮದಲ್ಲಿ ಪ್ರಯಾಣ ಮಾಡಿ ಬಂದು ಅಂತ್ಯಕ್ರಿಯೆಯಲ್ಲಿ ನಿಂತವನು ವಿಲಿಯಂ, ಅವಳು ಹೆರದ ಮಗ.

1775ರ ಮೇ 5ರಂದು ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ಇಳಿದ. ದಾರಿಯುದ್ದಕ್ಕೂ ಸಮುದ್ರದ ನೀರಿಗೆ ಥರ್ಮಾಮೀಟರ್ ಇಳಿಸಿ ಬಿಸಿನೀರಿನ ಪ್ರವಾಹವನ್ನು ಅಳೆದಿದ್ದ. ಜೊತೆಗೆ ಸಂಧಾನ ಮುರಿದ ಕಥೆಯನ್ನೆಲ್ಲ ಮಗನಿಗೆಂದು ಉದ್ದದ ಪತ್ರವಾಗಿ ಬರೆದಿದ್ದ. ಅವನು ಕಡಲ ಮೇಲಿದ್ದಾಗಲೇ, ಏಪ್ರಿಲ್ 19ರಂದು, ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿ ಯುದ್ಧ ಶುರುವಾಗಿತ್ತು. ತಂದೆ ಮಗ ಭೇಟಿಯಾದರು. ಹುದ್ದೆ ಬಿಟ್ಟು ಬಾ ಎಂಬುದು ತಂದೆಯ ಮಾತು. ದೊರೆಗೆ ಕೊಟ್ಟ ಮಾತು ಮುರಿಯಲಾರೆ ಎಂಬುದು ಮಗನ ಮಾತು. ನಿಷ್ಠೆಯ ಪಾಠವನ್ನು ಅವನು ಕಲಿತದ್ದು ಅಪ್ಪನಿಂದಲೇ. ಅಪ್ಪ ಪಾಠ ಬದಲಾಯಿಸಿದ, ಮಗ ಬದಲಾಯಿಸಲಿಲ್ಲ. ಇಬ್ಬರಲ್ಲಿ ಯಾರು ಸರಿ ಎಂದು ಪರ್ತ್ ಅಂಬಾಯಿಯ ಆ ಮನೆಯ ಮುಂದೆ ನಿಂತು ತೀರ್ಮಾನ ಮಾಡುವುದು ನನಗೆ ಸುಲಭವಾಗಲಿಲ್ಲ.

1776ರ ಜುಲೈಯಲ್ಲಿ ಘೋಷಣೆ ಹೊರಬಿತ್ತು. ಜೆಫರ್‌ಸನ್ ಬರೆದ ಕರಡಿನ ಮೇಲೆ ಕೆಲವು ಮಾತುಗಳನ್ನು ಫ್ರಾಂಕ್ಲಿನ್ ತಿದ್ದಿದ. ಆ ಹೊತ್ತಿಗೆ ವಿಲಿಯಂ ಕನೆಕ್ಟಿಕಟ್ಟಿನಲ್ಲಿ ಸೆರೆಯಲ್ಲಿದ್ದ. ಮುಂದೆ ಲಿಚ್‌ಫೀಲ್ಡಿನ ಜೈಲಿನಲ್ಲಿ ತಿಂಗಳುಗಟ್ಟಲೆ ಒಂಟಿಯಾಗಿ ಕೂಡಿಹಾಕಿದರು. ಹೆಂಡತಿ ಎಲಿಜಬೆತ್ ಸಾಯುತ್ತಿದ್ದಾಳೆ, ಒಮ್ಮೆ ನೋಡಿ ಬರುತ್ತೇನೆಂದು ಬೇಡಿದ. ಕಾಂಗ್ರೆಸ್ ಬಿಡಲಿಲ್ಲ. 1777ರಲ್ಲಿ ಅವಳು ಹೋದಳು. ಆ ಸೊಸೆಗೆ ಒಮ್ಮೆ ಮೊಮ್ಮಗನ ಕೈಯಲ್ಲಿ ಒಂದಿಷ್ಟು ಹಣ ಕಳಿಸಿದ್ದು ಬಿಟ್ಟರೆ, ಮಗನ ಪರವಾಗಿ ಫ್ರಾಂಕ್ಲಿನ್ ಒಂದು ಮಾತೂ ಎತ್ತಲಿಲ್ಲ. ಆ ಮೊಮ್ಮಗ ಟೆಂಪಲ್ ವಿಲಿಯಂನ ಮಗ. ಅಪ್ಪನಿಗೊಂದು ಕಾಗದ ಕೊಟ್ಟುಬರುತ್ತೇನೆಂದು ಕೇಳಿದಾಗ ಅಜ್ಜ ತಡೆದ. ಸ್ವಲ್ಪ ದಿನದಲ್ಲೇ ಹುಡುಗನನ್ನು ತನ್ನ ಜೊತೆ ಹಡಗು ಹತ್ತಿಸಿಕೊಂಡು ಫ್ರಾನ್ಸಿಗೆ ಹೊರಟ.

ಎಪ್ಪತ್ತರ ಆ ಮುದುಕ ಪ್ಯಾರಿಸ್ಸಿನಲ್ಲಿ ತುಪ್ಪಳದ ಟೋಪಿ ಹಾಕಿಕೊಂಡು ಓಡಾಡಿ ಇಡೀ ನಗರವನ್ನು ಮರುಳುಮಾಡಿದ. 1777ರಲ್ಲಿ ಸಾರಟೋಗದ ಗೆಲುವಿನ ಸುದ್ದಿ ಬಂದ ಮೇಲೆ ಫ್ರಾನ್ಸ್ ಮನಸ್ಸು ಮಾಡಿತು. 1778ರ ಫೆಬ್ರವರಿ 6ರಂದು ಮೈತ್ರಿ ಒಪ್ಪಂದಕ್ಕೆ ಸಹಿಯಾಯಿತು. ಆ ದಿನ ಅವನು ತೊಟ್ಟದ್ದು ಕಾಕ್‌ಪಿಟ್‌ನಲ್ಲಿ ತೊಟ್ಟಿದ್ದ ಅದೇ ವೆಲ್ವೆಟ್ ಕೋಟು ಎಂದು ಹೇಳುತ್ತಾರೆ. ಆ ಒಪ್ಪಂದದಿಂದ ಬಂದ ಹಣ, ಸೈನ್ಯ, ಹಡಗುಗಳಿಲ್ಲದೆ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶರಣಾಗುತ್ತಿರಲಿಲ್ಲ. ಹೆಸರು ಕೇಳಿದ ಹಾಗಿದೆಯೇ? ಅಲ್ಲಿ ಸೋತ ಆತನೇ ಹತ್ತು ವರ್ಷದ ನಂತರ ಬೆಂಗಳೂರಿನ ಕೋಟೆ ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡವನು. ಇನ್ನೊಂದು ಸಂಗತಿ ಕೇಳಿ: 1782ರಲ್ಲಿ ಫ್ರಾಂಕ್ಲಿನ್ನನ ಪೆನ್ಸಿಲ್ವೇನಿಯಾ ತನ್ನ ನದಿಯ ಕಾವಲಿಗೆ ಸಜ್ಜುಮಾಡಿದ ಯುದ್ಧದ ಹಡಗಿನ ಹೆಸರು ಹೈದರ್ ಅಲಿ. ಬ್ರಿಟಿಷರನ್ನು ಸೋಲಿಸಿದ ಮೈಸೂರಿನವನ ಹೆಸರನ್ನು ಅಭಿಮಾನದಿಂದ ಇಟ್ಟಿದ್ದರು. ಆ ಏಪ್ರಿಲ್‌ನಲ್ಲಿ ಅದು ತನಗಿಂತ ಬಲವಾದ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿಯಿತು.

1783ರ ಸೆಪ್ಟೆಂಬರ್ 3ರಂದು ಪ್ಯಾರಿಸ್ಸಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಅದರ ಮಾತುಕತೆಯಲ್ಲಿ ಫ್ರಾಂಕ್ಲಿನ್ ಎಲ್ಲ ವಿಷಯದಲ್ಲೂ ಬಾಗುವವನು, ಒಂದರಲ್ಲಿ ಮಾತ್ರ ಬಂಡೆ: ದೊರೆಯ ಪರ ನಿಂತು ಆಸ್ತಿ ಕಳೆದುಕೊಂಡ ಅಮೆರಿಕದವರಿಗೆ ಪರಿಹಾರ ಕೊಡಬಾರದು. ಅಂಥವರಲ್ಲಿ ಮಗನೂ ಒಬ್ಬ. ಸೆರೆಯಿಂದ ಬಿಡುಗಡೆಯಾದ ಮೇಲೆ ವಿಲಿಯಂ ನ್ಯೂಯಾರ್ಕಿನಲ್ಲಿ ದೊರೆಯ ಪರದ ಪಡೆಗಳನ್ನು ಕಟ್ಟಿ ಹೋರಾಡಿ, 1782ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ. 1784ರಲ್ಲಿ ರಾಜಿಯಾಗೋಣವೆಂದು ತಂದೆಗೆ ಪತ್ರ ಬರೆದ. ತಂದೆಯ ಉತ್ತರದಲ್ಲಿ ಮೃದು ಮಾತು ಇಲ್ಲದಿಲ್ಲ, ಆದರೆ ಮುಪ್ಪಿನಲ್ಲಿ ಸ್ವಂತ ಮಗನೇ ತನ್ನ ವಿರುದ್ಧ ಆಯುಧ ಹಿಡಿದದ್ದಕ್ಕಿಂತ ದೊಡ್ಡ ನೋವು ತನಗಾಗಿಲ್ಲ ಎಂಬುದೇ ಅದರ ತಿರುಳು. ಮರುವರ್ಷ ಊರಿಗೆ ಮರಳುವ ದಾರಿಯಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಲ್ಲಿ ನಾಲ್ಕು ದಿನ ಇಬ್ಬರೂ ಜೊತೆಗಿದ್ದರು. ಆ ನಾಲ್ಕು ದಿನದಲ್ಲಿ ನಡೆದದ್ದು ಹೆಚ್ಚಾಗಿ ಲೆಕ್ಕಾಚಾರ. ಮಗ ತನ್ನ ನ್ಯೂಜೆರ್ಸಿಯ ಜಮೀನನ್ನು ಕೊಂಡದ್ದಕ್ಕಿಂತ ಕಡಿಮೆ ಬೆಲೆಗೆ ಟೆಂಪಲ್‌ಗೆ ಬರೆದುಕೊಟ್ಟ. ತಂದೆಗೆ ಕೊಡಬೇಕಿದ್ದ ಸಾಲಕ್ಕೆ ಇನ್ನಷ್ಟು ಭೂಮಿ ಹೋಯಿತು. ಆಮೇಲೆ ಅವರು ಭೇಟಿಯಾಗಲಿಲ್ಲ.

ತನ್ನ ದೇಶದ ಊರುಗಳನ್ನು ಸುಟ್ಟ ಬ್ರಿಟಿಷರನ್ನು ಅವನು ಕ್ಷಮಿಸಿದ. ಲಂಡನ್ನಿನ ಹಳೆಯ ಗೆಳೆಯರೊಡನೆ ಮತ್ತೆ ಪತ್ರ, ಹಾಸ್ಯ, ಎಲ್ಲವೂ ಶುರುವಾಯಿತು. ಮಗನನ್ನು ಮಾತ್ರ ಕ್ಷಮಿಸಲಿಲ್ಲ. ನಮ್ಮ ಕಡೆ ಆಸ್ತಿ ಪಾಲಿನಲ್ಲಿ ಮುನಿಸಿಕೊಂಡ ಅಪ್ಪಂದಿರನ್ನು ಕಂಡವರಿಗೆ ಇದು ಹೊಸತೇನಲ್ಲ.

1787ರಲ್ಲಿ ಎಂಬತ್ತೊಂದನೇ ವಯಸ್ಸಿನಲ್ಲಿ ದೇಶದ ಸಂವಿಧಾನಕ್ಕೆ ಸಹಿ ಮಾಡಿದ. ಒಂದು ಕಾಲದಲ್ಲಿ ಮನೆಯಲ್ಲಿ ಗುಲಾಮರನ್ನಿಟ್ಟುಕೊಂಡಿದ್ದವನು, 1790ರ ಫೆಬ್ರವರಿಯಲ್ಲಿ ಗುಲಾಮಗಿರಿ ನಿಲ್ಲಿಸಿ ಎಂಬ ಅರ್ಜಿಗೆ ಸಂಘದ ಅಧ್ಯಕ್ಷನಾಗಿ ಸಹಿ ಹಾಕಿದ. ಅದೇ ವರ್ಷ ಏಪ್ರಿಲ್ 17ರಂದು ತೀರಿಕೊಂಡ. ಶವಯಾತ್ರೆಗೆ ಸುಮಾರು ಇಪ್ಪತ್ತು ಸಾವಿರ ಜನ ಸೇರಿದ್ದರಂತೆ. ಉಯಿಲಿನಲ್ಲಿ ಬಾಸ್ಟನ್ನಿಗೂ ಫಿಲಡೆಲ್ಫಿಯಾಕ್ಕೂ ಸಾವಿರ ಸಾವಿರ ಪೌಂಡ್ ಬಿಟ್ಟಿದ್ದ. ತನ್ನ ಹಾಗೆ ಕೈಕಸುಬು ಕಲಿತ ಬಡ ಹುಡುಗರಿಗೆ ಕಡಿಮೆ ಬಡ್ಡಿಗೆ ಸಾಲ ಕೊಡುತ್ತಾ ಇನ್ನೂರು ವರ್ಷ ಬೆಳೆಸಬೇಕೆಂದು ಷರತ್ತು. ವಿಲಿಯಂಗೆ ಬಿಟ್ಟದ್ದು ದೂರದ ನೋವಾ ಸ್ಕೋಷಿಯಾದ ಸ್ವಲ್ಪ ಜಮೀನು, ಆಗಲೇ ಅವನ ಬಳಿ ಇದ್ದ ಪುಸ್ತಕ, ಕಾಗದ. ಹೆಚ್ಚು ಕೊಡದಿರುವುದಕ್ಕೆ ಯುದ್ಧದಲ್ಲಿ ಅವನು ನಡೆದುಕೊಂಡದ್ದೇ ಕಾರಣ ಎಂದೂ ಬರೆಸಿದ್ದ.

ಊರಿಗೆ ಮರಳುವ ಮುಂಚೆ ಫಿಲಡೆಲ್ಫಿಯಾದಲ್ಲಿ ಅವನ ಸಮಾಧಿ ನೋಡಿಬಂದೆ. ರಸ್ತೆಯ ಮೂಲೆಯಲ್ಲೇ, ಕಬ್ಬಿಣದ ಸರಳುಗಳ ಆಚೆ, ನೆಲಕ್ಕೆ ಹಾಸಿದ ಸಾದಾ ಚಪ್ಪಡಿ. ಅವನ ಹೆಸರು, ಡೆಬೊರಾಳ ಹೆಸರು, ಇಸವಿ, ಅಷ್ಟೇ. ಪಕ್ಕದಲ್ಲಿ ನಾಲ್ಕು ವರ್ಷದ ಫ್ರಾನ್ಸಿಸ್ಸನ ಪುಟ್ಟ ಕಲ್ಲು. ಬಂದವರು ಚಪ್ಪಡಿಯ ಮೇಲೆ ಒಂದು ಪೆನ್ನಿ ಎಸೆದು ಹೋಗುವ ಪದ್ಧತಿಯಿದೆ. ನಾನೂ ಎಸೆದೆ. ವಿಲಿಯಂ ಇರುವುದು ಲಂಡನ್ನಿನ ಮಣ್ಣಿನಲ್ಲಿ.